ಹೊರದೇಶದಲ್ಲಿ ಹೊಟ್ಟೆ ಕೆಟ್ಟಾಗ: ಮಾತ್ರೆ ನಿಲ್ಲಿಸುವ ಮೊದಲು ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಮೊನ್ನೆ ನಡುರಾತ್ರಿ ಮಸ್ಕತ್‌ನಿಂದ ತಮ್ಮನ ಮಗ ಫೋನ್ ಮಾಡಿದ. "ಅತ್ತೆ, ಭೇದಿ ಕಡಿಮೆಯಾಗಿದೆ, ಆದ್ರೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ. ಮಾತ್ರೆ ಬಿಟ್ಟುಬಿಡ್ಲಾ?" ಧ್ವನಿ ನಡುಗುತ್ತಿತ್ತು. ಇಲ್ಲಿ ಮಡಿಕೇರಿಯಲ್ಲಿ ಕೂತು ನನಗೂ ನಿದ್ದೆ ಬರಲಿಲ್ಲ.

ಅವನಿಗೆ ಕೊಟ್ಟಿದ್ದು ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್. ಆ ರುಚಿ ಅದರ ಮಾಮೂಲಿ ಅಡ್ಡಪರಿಣಾಮ, ಕೋರ್ಸ್ ಮುಗಿದ ಮೇಲೆ ಹೋಗುತ್ತದೆ. ಮದ್ಯ ಮಾತ್ರ ಮುಟ್ಟಬೇಡಿ, ಮಾತ್ರೆ ಮುಗಿದ ಮೇಲೂ ಮೂರು ದಿನ.

ಸಿಪ್ರೊಫ್ಲಾಕ್ಸಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ನಮ್ಮವರು ಹೆಚ್ಚು ಹುಷಾರಾಗಿರಬೇಕು, ಕಾಫಿಯಿಂದಾಗಿ. ಕೆಫೀನ್ ಮೈಯಿಂದ ಬೇಗ ಹೋಗದಂತೆ ಅದು ತಡೆಯುತ್ತದೆ. ಊರಿಂದ ಒಯ್ದ ಪುಡಿಯಲ್ಲಿ ದಿನಕ್ಕೆ ನಾಲ್ಕು ಲೋಟ ಗಟ್ಟಿ ಕಾಫಿ ಕುಡಿದರೆ ಎದೆ ಡವಗುಟ್ಟುತ್ತದೆ, ಜೀವಕ್ಕೇನೋ ಆಯಿತೆಂದು ಹೆದರುತ್ತೀರಿ. ಅಷ್ಟು ದಿನ ಕಾಫಿ ಬಿಡಿ. ಹಾಲು, ಮೊಸರಿನ ಜೊತೆಗೂ ನುಂಗಬೇಡಿ, ಔಷಧಿ ಮೈಗೆ ಹತ್ತುವುದಿಲ್ಲ. ಹಿಮ್ಮಡಿಯ ಹಿಂಭಾಗ ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಹೇಳಿ.

ಓಆರ್‌ಎಸ್ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ಟೀ ಚಮಚದ ಅಳತೆ, ಕಣ್ಣಂದಾಜು ಬೇಡ.

ಮಲದಲ್ಲಿ ರಕ್ತ ಅಥವಾ ಜೋರು ಜ್ವರ ಇದ್ದರೆ ಭೇದಿ ಕಟ್ಟುವ ಲೋಪೆರಮೈಡ್ ನುಂಗಬೇಡಿ, ಆಸ್ಪತ್ರೆಗೆ ಹೋಗಿ.

ಅಪ್ಪ ಅಮ್ಮಂದಿರೇ, ಮನೆಯಲ್ಲಿ ಉಳಿದ ಮಾತ್ರೆಗಳನ್ನು ಪಾರ್ಸೆಲ್ ಕಟ್ಟಬೇಡಿ. ಅವುಗಳಲ್ಲಿ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿರುವ ಕೊಡೀನ್, ಟ್ರಮಡಾಲ್‌ನಂಥ ನೋವಿನ ಔಷಧಿ ಇದ್ದರೆ ಗಲ್ಫ್‌ನಲ್ಲಿ ಮಕ್ಕಳೇ ಸಿಕ್ಕಿಬೀಳುತ್ತಾರೆ. ಮಾತ್ರೆ ಚೀಟಿಯ ಫೋಟೋ ತರಿಸಿಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ.