ತ್ರಿಶೂಲ್ ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ಆಕಾಶ್ ಕ್ಷಿಪಣಿ ಬಗ್ಗೆ ನಿಮ್ಮಲ್ಲಿ ಬಂದ ಲೇಖನವನ್ನು ನಮ್ಮ ಲೇತ್ ವರ್ಕ್‌ಶಾಪ್‌ನಲ್ಲಿ ಚಹಾ ಹೊತ್ತಿಗೆ ಹುಡುಗರಿಗೂ ಓದಿ ಹೇಳಿದೆ. ಚೆನ್ನಾಗಿತ್ತು. ಆದರೆ 1983ರಲ್ಲಿ ಕಲಾಂ ಅವರ ಮುಂದಾಳತ್ವದಲ್ಲಿ ಶುರುವಾದದ್ದು ಐದು ಕ್ಷಿಪಣಿಗಳ ಕೆಲಸ. ನಿಮ್ಮ ಪಟ್ಟಿಯಲ್ಲಿ ನಾಲ್ಕೇ ಇವೆ: ಪೃಥ್ವಿ, ಅಗ್ನಿ, ಆಕಾಶ್, ನಾಗ್. ತ್ರಿಶೂಲ್ ಎಲ್ಲಿ ಹೋಯ್ತು?

ಸೇನೆ ಸೇರಲಿಲ್ಲ ಅಂತ ಬಿಟ್ಟಿರಬೇಕು. ಅದಕ್ಕೇ ನನ್ನ ತಕರಾರು. ಸುಮಾರು 9 ಕಿ.ಮೀ. ಒಳಗೆ ಬಂದದ್ದನ್ನು ಹೊಡೆಯಲು ಮಾಡಿದ್ದು ಅದು. ಭೂಸೇನೆ, ವಾಯುಪಡೆ, ನೌಕಾಪಡೆ ಮೂವರಿಗೂ ಅದೊಂದೇ ಸಾಕು ಅನ್ನೋ ಲೆಕ್ಕ. ನೌಕಾಪಡೆಯ ಬೇಡಿಕೆಯಂತೂ ಭಾರಿ ಕಷ್ಟದ್ದು. ನೀರಿಗೆ ತಾಗಿದಂತೆ ಹಾರಿ ಬರುವ ಶತ್ರು ಕ್ಷಿಪಣಿಯನ್ನೇ ಹೊಡೆಯಬೇಕು. ಅಲ್ಲಿ ರಾಡಾರಿಗೆ ಅಲೆಗಳೂ ಕಾಣುತ್ತವೆ, ಸಿಗುವುದು ಕೆಲವೇ ಸೆಕೆಂಡು.

ತ್ರಿಶೂಲ್‌ಗೆ ಸ್ವಂತ ಕಣ್ಣಿರಲಿಲ್ಲ. ಕೆಳಗಿನ ರಾಡಾರ್ ಗುರಿಯನ್ನೂ ಕ್ಷಿಪಣಿಯನ್ನೂ ನೋಡುತ್ತಾ, ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಆಜ್ಞೆ ಕೊಡಬೇಕು. ಹಾರಿದ ಕೂಡಲೇ ಕ್ಷಿಪಣಿಯನ್ನು ರಾಡಾರಿನ ಅಗಲದ ಕಿರಣದಲ್ಲಿ ಹಿಡಿದು, ಆಮೇಲೆ ಸಣ್ಣ ಕಿರಣಕ್ಕೆ ದಾಟಿಸಬೇಕು. ಆ ದಾಟಿಸುವಲ್ಲಿ ಸ್ವಲ್ಪ ತಪ್ಪಿದರೂ ಕಥೆ ಮುಗೀತು. ಪರೀಕ್ಷೆಗಳು ನಡೆದೇ ನಡೆದವು. ನೌಕಾಪಡೆ ಕಾದು ಸಾಕಾಗಿ ಇಸ್ರೇಲಿನ ಬರಾಕ್ ಕ್ಷಿಪಣಿ ತಂದು ಹಡಗಿಗೆ ಕೂರಿಸಿತು. 2008ರಲ್ಲಿ ತ್ರಿಶೂಲ್ ಯೋಜನೆಗೆ ಬಾಗಿಲು ಹಾಕಿದರು.

ಮುಂದಿನದು ನೋಡಿ. 2017ರಲ್ಲಿ ಮೊದಲು ಹಾರಿದ, ನೆಲದಿಂದ ಆಕಾಶಕ್ಕೆ ಥಟ್ಟನೆ ಹಾರಿಸುವ ಕ್ಷಿಪಣಿ ಕ್ಯೂಆರ್‌ಸ್ಯಾಮ್ ಭೂಸೇನೆಗೆಂದೇ ಮಾಡಿದ್ದು, ದಂಡಿನ ಜೊತೆ ಗಾಡಿ ಮೇಲೆ ಸಾಗುವಂಥದ್ದು. 2021ರಲ್ಲಿ ಹಾರಿದ, ಹತ್ತಿರದ ಗುರಿ ಹೊಡೆಯುವ ಕ್ಷಿಪಣಿ ವಿಎಲ್‌-ಎಸ್ಆರ್‌ಸ್ಯಾಮ್ ನೌಕಾಪಡೆಗೆಂದು ಮಾಡಿದ್ದು, ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಎರಡಕ್ಕೂ ಮೂತಿಯಲ್ಲೇ ರಾಡಾರ್ ಇದೆ. ಮೂವರಿಗೂ ಒಂದೇ ಅಂಗಿ ಹೊಲಿಯುವ ಹಟ ಬಿಟ್ಟರು ಅಂತ ನನಗನ್ನಿಸುತ್ತದೆ. ತ್ರಿಶೂಲ್ ಗೊತ್ತಿಲ್ಲದವರಿಗೆ ಇದು ಹೇಗೆ ತಿಳಿಯಬೇಕು?

ನಮ್ಮಲ್ಲಿ ರಿಜೆಕ್ಟ್ ಆದ ಜಾಬನ್ನು, ಅಂದರೆ ಕಡೆದ ಬಿಡಿಭಾಗವನ್ನು, ಸುಮ್ನೆ ಗುಜರಿಗೆ ಎಸೆಯಲ್ಲ. ಅಳತೆ ತಪ್ಪಿದ ಜಾಗಕ್ಕೆ ಕೆಂಪು ಬಣ್ಣ ಬಳಿದು ಲೇತ್ ಪಕ್ಕದ ಕಪಾಟಿನಲ್ಲಿ ಇಡುತ್ತೇವೆ. ಡಿಪ್ಲೊಮಾ ಮುಗಿಸಿ ಬಂದ ಹುಡುಗ ಮೈಕ್ರೋಮೀಟರ್ ಹಿಡಿದು ಮೊದಲು ಅಳೆಯುವುದು ಅದನ್ನೇ.

ಭಾನುವಾರದ ಪುರವಣಿಯಲ್ಲಿ ತ್ರಿಶೂಲ್‌ಗೆ ಅರ್ಧ ಪುಟ ಕೊಡಿ. ಕಿರಣ ದಾಟಿಸುವುದು ಹೇಗೆಂದು ಒಂದು ರೇಖಾಚಿತ್ರ ಹಾಕಿಸಿ. ಬೆಂಕಿ, ಹೊಗೆಯ ಫೋಟೊ ಈಗಾಗಲೇ ಜಾಸ್ತಿ ಆಗಿವೆ.

— ಒಬ್ಬ ಟರ್ನರ್, ಉದ್ಯಮಬಾಗ, ಬೆಳಗಾವಿ