ಮೈಟೋಕಾಂಡ್ರಿಯದಿಂದ ಬಂದ ಸುದ್ದಿ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಕೆಟ್ಟರೆ ಆ ಸುದ್ದಿ ಜೀವಕೋಶದ ಉಳಿದ ಭಾಗಕ್ಕೆ ಮುಟ್ಟುವುದು ಹೇಗೆ ಎಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಎರಡು ಪೊರೆಗಳ ಒಳಗಿರುವ ಆ ಅಂಗದಿಂದ ಸುದ್ದಿ ಹೊರಬೀಳುವ ದಾರಿ, ಮನುಷ್ಯನ ಜೀವಕೋಶದ ಮಟ್ಟಿಗೆ, 2020ರವರೆಗೂ ಸ್ಪಷ್ಟವಾಗಿರಲಿಲ್ಲ.

ಒತ್ತಡಕ್ಕೆ ಸಿಕ್ಕ ಜೀವಕೋಶ ಏನು ಮಾಡುತ್ತದೆ ಎಂಬುದು ಮೊದಲೇ ತಿಳಿದಿತ್ತು. ಅಮೈನೋ ಆಮ್ಲದ ಕೊರತೆ, ವೈರಸ್ಸಿನ ದಾಳಿ, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳ ರಾಶಿ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಣುವಿನ ಅಭಾವ ಇವನ್ನೆಲ್ಲ ಗುರುತಿಸಲು ನಾಲ್ಕು ಕಿಣ್ವಗಳಿವೆ. ನಾಲ್ಕೂ ಕೊನೆಗೆ ಇಐಎಫ್2 ಆಲ್ಫಾ ಎಂಬ ಒಂದೇ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ. ಆಗ ಪ್ರೋಟೀನ್ ತಯಾರಿಕೆ ಬಹುಮಟ್ಟಿಗೆ ತಗ್ಗುತ್ತದೆ. ಎಟಿಎಫ್4 ಎಂಬ ಪ್ರೋಟೀನ್ ಮಾತ್ರ ಹೆಚ್ಚಿ, ಚೇತರಿಕೆಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಟಿನ್ ಕಾಂಪ್‌ಮನ್ ಅವರ ತಂಡ ಮಾಡಿದ ಪ್ರಯೋಗವನ್ನು ನಾನು ಎಷ್ಟು ಸಲ ಓದಿದರೂ ಬೆರಗು ಕಡಿಮೆಯಾಗಿಲ್ಲ. ಎಟಿಎಫ್4 ಹೆಚ್ಚಿದಾಗ ಬೆಳಗುವಂತೆ ಜೀವಕೋಶಗಳನ್ನು ಸಜ್ಜುಗೊಳಿಸಿ, ಒಂದೊಂದರಲ್ಲೂ ಬೇರೆ ಬೇರೆ ಜೀನನ್ನು, ಬೇಕಾದ ಜೀನನ್ನೇ ಗುರಿಯಿಡುವ ಕ್ರಿಸ್ಪರ್ ತಂತ್ರದಿಂದ ಅಡಗಿಸಿ, ಮೈಟೋಕಾಂಡ್ರಿಯದ ಶಕ್ತಿಯಂತ್ರವನ್ನು ನಿಲ್ಲಿಸುವ ಆಲಿಗೋಮೈಸಿನ್ ಅನ್ನು ಹಾಕಿದರು. ಬಹುಪಾಲು ಜೀವಕೋಶಗಳು ಬೆಳಗಿದವು. ಮಂಕಾಗಿಯೇ ಉಳಿದವನ್ನು ಬೇರ್ಪಡಿಸಿ, ಯಾವ ಜೀನ್ ಅಡಗಿದೆ ಎಂದು ನೋಡಿದಾಗ ದಾರಿ ತೆರೆದುಕೊಂಡಿತು: ಮೈಟೋಕಾಂಡ್ರಿಯದಲ್ಲಿರುವ ಒಎಂಎ1 ಎಂಬ ಕಿಣ್ವ ಡೀಲಿ1 ಎಂಬ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡು ಹೊರಗಿನ ಕೋಶರಸದಲ್ಲಿ ಸೇರಿಕೊಂಡು, ಆ ನಾಲ್ಕು ಕಿಣ್ವಗಳಲ್ಲಿ ಒಂದಾದ ಎಚ್‌ಆರ್‌ಐಯನ್ನು ಎಚ್ಚರಿಸುತ್ತದೆ. ಹೀಮ್ ಕೊರತೆಯನ್ನು ಅಳೆಯುತ್ತದೆ ಎಂದೇ ಹೆಸರಾಗಿದ್ದ ಕಿಣ್ವ ಅದು! ಮ್ಯೂನಿಕ್‌ನಲ್ಲಿ ಲೂಕಾಸ್ ಯೇ ಅವರ ತಂಡವೂ ಸ್ವತಂತ್ರವಾಗಿ ಇದೇ ದಾರಿಯನ್ನು ಕಂಡುಕೊಂಡಿತು.

ಕ್ರಿಸ್ಪರ್‌ನಲ್ಲಿ ಸಾಮಾನ್ಯವಾಗಿ ಕತ್ತರಿಯಂತೆ ಕೆಲಸ ಮಾಡುವುದು ಕ್ಯಾಸ್9 ಎಂಬ ಪ್ರೋಟೀನ್; ಆದರೆ ಇಲ್ಲಿ ಬಳಸಿದ ಕ್ಯಾಸ್9 ಡಿಎನ್ಎಯನ್ನು ಕತ್ತರಿಸುವುದಿಲ್ಲ, ಜೀನಿನ ಮೇಲೆ ಕೂತು ಅದನ್ನು ಸುಮ್ಮನಾಗಿಸುತ್ತದೆ ಎಂಬುದನ್ನು ನೀನು ಗಮನಿಸಬೇಕು. ಕತ್ತರಿಸುವುದೂ ಜೀವಕೋಶಕ್ಕೆ ಒಂದು ಪೆಟ್ಟೇ. ಒಂದೇ ಒಂದು ಕಡೆ ಡಿಎನ್ಎ ತುಂಡಾದರೂ ಪಿ53 ಎಂಬ ಕಾವಲು ಪ್ರೋಟೀನ್ ಜಾಗೃತವಾಗಿ ಜೀವಕೋಶದ ವಿಭಜನೆ ನಿಲ್ಲಬಹುದು, ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಾದರೆ ಸಾಯಲೂಬಹುದು ಎಂದು 2018ರ ಅಧ್ಯಯನಗಳು ತೋರಿಸಿವೆ. ಒತ್ತಡವನ್ನು ಅಳೆಯಹೊರಟವರು ತಾವೇ ಒತ್ತಡ ಹೇರಿದರೆ ಯಾವುದು ಯಾರದೆಂದು ಬಿಡಿಸಿ ಹೇಳುವುದು ಕಷ್ಟ.

ಔಷಧದ ಬಗ್ಗೆಯೂ ಕೇಳಿದ್ದೀಯ. ಈ ದಾರಿಯನ್ನು ಮುಚ್ಚಿದರೆ ಒಳ್ಳೆಯದಾಗುತ್ತದೆಯೋ ಕೆಟ್ಟದಾಗುತ್ತದೆಯೋ ಎಂಬುದು ಮೈಟೋಕಾಂಡ್ರಿಯಕ್ಕೆ ಆದ ಪೆಟ್ಟು ಎಂಥದು ಎಂಬುದನ್ನು ಅವಲಂಬಿಸಿದೆ. ಮುಚ್ಚಿದಾಗ ಜೀವಕೋಶ ಸುಮ್ಮನೆ ಕೂರುವುದಿಲ್ಲ, ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಚಾಪರೋನ್‌ಗಳನ್ನು ಹೆಚ್ಚು ತಯಾರಿಸತೊಡಗುತ್ತದೆ.

ಇಂತಿ ನಿನ್ನ ಗೆಳೆಯ