ಕೋಡ್ ಇಡಲು ಕಾಲೇಜಿನದ್ದೇ ಸರ್ವರ್ ಇರಲಿ

ಮಾನ್ಯರೇ,

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಕೋಡನ್ನು ಸಾಮಾನ್ಯವಾಗಿ ಗಿಟ್‌ಹಬ್ ಎಂಬ ಕೋಡ್ ಸಂಗ್ರಹ ಜಾಲತಾಣಕ್ಕೆ ಹಾಕಿ, ವರದಿಯಲ್ಲಿ ಕೊಂಡಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಕೊಂಡಿ ಸದಾ ತೆರೆಯುತ್ತದೆ ಎಂಬ ಭರವಸೆ ಇಲ್ಲ. 2014ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ತಡೆಹಿಡಿಯಲು ಹೇಳಿದ 32 ತಾಣಗಳಲ್ಲಿ ಗಿಟ್‌ಹಬ್ ಕೂಡ ಇತ್ತು. ಅಂಥದ್ದೇ ತಾಣವಾಗಿದ್ದ ಗೂಗಲ್ ಕೋಡ್ 2016ರಲ್ಲಿ ಬಂದ್ ಆಯಿತು. 2019ರಲ್ಲಿ ಅಮೆರಿಕದ ದಿಗ್ಬಂಧನದಿಂದಾಗಿ ಇರಾನ್, ಸಿರಿಯಾದ ಬಳಕೆದಾರರ ಗಿಟ್‌ಹಬ್‌ನಲ್ಲಿದ್ದ ಖಾಸಗಿ ರೆಪೊಸಿಟರಿಗಳಿಗೆ (ಕೋಡ್ ಸಂಗ್ರಹಗಳಿಗೆ) ಬೀಗ ಬಿತ್ತು.

ಗಿಟ್‌ಹಬ್‌ನ ತಳಹದಿ ಗಿಟ್, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ತಂತ್ರಾಂಶ. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಅದು ಹುಟ್ಟಿನಿಂದಲೇ ವಿಕೇಂದ್ರಿತ. ಪೂರ್ತಿ ಕ್ಲೋನ್ (ನಕಲು) ಮಾಡಿದ ಯಂತ್ರದಲ್ಲೆಲ್ಲ ಕೋಡಿನ ಇಡೀ ಇತಿಹಾಸ ಇರುತ್ತದೆ. ಕಂಪನಿಯ ಕೈಯಲ್ಲಿ ಉಳಿಯುವುದು ಇಶ್ಯೂಗಳು (ದೋಷ, ಸಲಹೆಗಳ ದಾಖಲೆ), ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೇಲಿನ ಚರ್ಚೆ, ಬಳಕೆದಾರರ ಖಾತೆಗಳು. ಇವನ್ನೇ ನಾವು ಮರಳಿ ಪಡೆಯಬೇಕಿದೆ.

ಇದಕ್ಕೆ ಭಾರಿ ಖರ್ಚಿಲ್ಲ. 4 ಜಿಬಿ ರ್‍ಯಾಮ್ ಇರುವ ಲ್ಯಾಬಿನ ಹಳೆಯ ಕಂಪ್ಯೂಟರ್, ಒಂದು ಎಸ್‌ಎಸ್‌ಡಿ, ಯುಪಿಎಸ್, ಲಿನಕ್ಸ್ ಇದ್ದರೆ, ಗಿಟ್‌ಹಬ್‌ನಂಥ ತಾಣವನ್ನು ನಾವೇ ನಡೆಸಲು ಬೇಕಾದ ಫೋರ್ಜೆಜೊ ಓಡುತ್ತದೆ. ಅದು ಒಂದೇ ಫೈಲಿನ ತಂತ್ರಾಂಶ. ಒಂದು ವಿಭಾಗದ ಮಟ್ಟಿಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಕು. ಫೋರ್ಜೆಜೊ ಮುಂದೆ, ಹೊರಗಿನ ಕೋರಿಕೆಗಳನ್ನು ಅದಕ್ಕೆ ದಾಟಿಸುವ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟರೆ ಒಂದು ತಾಪತ್ರಯ ಕಾದಿರುತ್ತದೆ: ಅದರ ಅಪ್‌ಲೋಡ್ ಮಿತಿ ಮೂಲದಲ್ಲಿ 1 ಎಂಬಿ ಮಾತ್ರ. ದೊಡ್ಡ ಪುಶ್ (ಸರ್ವರ್‌ಗೆ ಕೋಡ್ ಕಳಿಸುವುದು) 413 ದೋಷ ತೋರಿಸಿ ನಿಂತಾಗ ಹುಡುಗರು ಗಿಟ್ಟನ್ನೇ ಬಯ್ಯುತ್ತಾರೆ. ಮಿತಿ ಏರಿಸಿದರೆ ಮುಗಿಯಿತು. ಸರ್ವರ್ ಹೊರಜಾಲಕ್ಕೆ ತೆರೆದಿದ್ದರೆ ಹೊಸ ನೋಂದಣಿಯನ್ನು ಮುಚ್ಚಿಡಿ, ಇಲ್ಲವಾದರೆ ಸ್ಪ್ಯಾಮ್ ಖಾತೆಗಳು ತುಂಬಿಕೊಳ್ಳುತ್ತವೆ.

ಗಿಟ್‌ಹಬ್‌ನಿಂದ ತರುವಾಗ ಮಿರರ್ (ಮೂಲ ಬದಲಾದಂತೆ ತಾನೂ ಬದಲಾಗುವ ಪ್ರತಿ) ಆಯ್ಕೆಗೆ ಟಿಕ್ ಹಾಕಿದರೆ ಕೋಡ್ ಬರುತ್ತದೆ, ಇಶ್ಯೂಗಳು ಬರುವುದಿಲ್ಲ. ಮಿರರ್ ಬಿಟ್ಟು, ಆ್ಯಕ್ಸೆಸ್ ಟೋಕನ್ (ಗಿಟ್‌ಹಬ್ ಪ್ರವೇಶದ ಗುಪ್ತ ಸಂಕೇತ) ಕೊಟ್ಟು ಮೈಗ್ರೇಶನ್ (ಸ್ಥಳಾಂತರ) ಮಾಡಬೇಕು. ಮಿರರ್ ಅನ್ನು ಬ್ಯಾಕಪ್ ಎಂದು ನಂಬುವುದಂತೂ ದೊಡ್ಡ ತಪ್ಪು. ಮೂಲದಲ್ಲಿ ಯಾರಾದರೂ ಫೋರ್ಸ್ ಪುಶ್ ಮಾಡಿ ಹಳೆಯ ಇತಿಹಾಸವನ್ನೇ ಬದಲಿಸಿದರೆ, ಬ್ರ್ಯಾಂಚ್ (ಕೋಡಿನ ಕವಲು) ಅಳಿಸಿದರೆ, ಮುಂದಿನ ಸಿಂಕ್‌ನಲ್ಲಿ ಇಲ್ಲಿಯೂ ಹಾಗೆಯೇ ಆಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ಎಲ್ಲ ಬ್ರ್ಯಾಂಚ್, ಟ್ಯಾಗ್ (ಆವೃತ್ತಿಯ ಗುರುತು) ಸೇರಿಸಿ ಗಿಟ್ ಬಂಡಲ್ (ಇತಿಹಾಸ ಸಮೇತ ಕೋಡಿನ ಒಂದೇ ಫೈಲ್) ಮಾಡಿ, ಹೆಸರಿಗೆ ದಿನಾಂಕ ಸೇರಿಸಿ ಬೇರೆ ಡಿಸ್ಕ್‌ನಲ್ಲಿಡಬೇಕು. ಅದರಿಂದ ಒಮ್ಮೆ ಕ್ಲೋನ್ ಮಾಡಿ ನೋಡಿದ ಮೇಲೆಯೇ ನೆಮ್ಮದಿ. ಗಿಟ್ ದೊಡ್ಡ ಫೈಲುಗಳನ್ನು ಬೇರೆಯಾಗಿಡುವ ಎಲ್‌ಎಫ್‌ಎಸ್ ವ್ಯವಸ್ಥೆಯಲ್ಲಿಟ್ಟ ಫೈಲುಗಳು ಬಂಡಲ್‌ನಲ್ಲಿ ಬರುವುದಿಲ್ಲ, ಅವನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಮಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗಳಲ್ಲಿ ಇದು ಬಹಳ ಮುಖ್ಯ.

ಕೇಂದ್ರ ಸರ್ವರ್ ಇಲ್ಲದೆಯೂ ನಡೆಯುವ ರ್‍ಯಾಡಿಕಲ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಇಶ್ಯೂ, ಪ್ಯಾಚ್‌ಗಳು (ಕೋಡಿನ ಬದಲಾವಣೆಗಳು) ಡಿಜಿಟಲ್ ಸಹಿ ಸಮೇತ ಗಿಟ್‌ನೊಳಗೇ ಸಂಗ್ರಹವಾಗಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುತ್ತವೆ. ಆದರೆ ಎಲ್ಲರ ಲ್ಯಾಪ್‌ಟಾಪ್ ಮುಚ್ಚಿದ್ದರೆ ಕೋಡ್ ಯಾರಿಗೂ ಸಿಗದು. ಸದಾ ಚಾಲೂ ಇರುವ ಒಂದು ಸೀಡ್ ನೋಡ್ (ಪ್ರತಿ ಇಟ್ಟುಕೊಂಡು ಹಂಚುವ ಕಂಪ್ಯೂಟರ್) ಬೇಕೇ ಬೇಕು. ಸಹಿಗೆ ಬಳಸುವ ರಹಸ್ಯ ಡಿಜಿಟಲ್ ಕೀಲಿ ಕಳೆದರೆ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತುವ ಗುಂಡಿಯೂ ಇಲ್ಲ. ಆದ್ದರಿಂದ ಮೊದಲು ಫೋರ್ಜೆಜೊ, ಆಮೇಲೆ ಇದು ಎನ್ನುವುದೇ ನಮ್ಮ ಸಲಹೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇದೆ. ಪ್ರಾಜೆಕ್ಟ್ ವರದಿಯ ಜೊತೆ ಬಂಡಲ್ ಫೈಲನ್ನೂ ಕಾಲೇಜಿಗೆ ಸಲ್ಲಿಸಬೇಕೆಂದು ವಿಟಿಯು ಸುತ್ತೋಲೆ ಹೊರಡಿಸಲಿ. ಮೂರು ಜಿಲ್ಲೆಗಳ ಕಾಲೇಜುಗಳು ಒಂದರ ಬಂಡಲ್‌ಗಳನ್ನು ಇನ್ನೊಂದು ಇಟ್ಟುಕೊಳ್ಳುವ ಒಪ್ಪಂದ ಮಾಡಿಕೊಳ್ಳಲಿ.

– ಸಾಫ್ಟ್‌ವೇರ್ ಉದ್ಯೋಗಿಗಳು, ಟಿಳಕವಾಡಿ, ಬೆಳಗಾವಿ